ಕನ್ನಡ ಬಿಡಿಸದ ಇಂಗ್ಲಿಷ್ ಕ್ಲಾಸು

ಕೊಪ್ಪಳದಲ್ಲಿ ಇಂಗ್ಲಿಷ್ ಕಲಿಯಬೇಕು ಅನ್ನುವವರಿಗೆ ನಾನು ಧೈರ್ಯವಾಗಿ ಹೇಳುವುದು ಒಂದೇ ಜಾಗ. ಗವಿಮಠದ ಕಡೆ ಹೋಗುವ ದಾರಿಯಲ್ಲಿ ಒಬ್ಬ ನಿವೃತ್ತ ಹೈಸ್ಕೂಲ್ ಮಾಸ್ತರರ ಮನೆಯಿದೆ. ಅವರ ಪಡಸಾಲೆಯಲ್ಲಿ ಸಂಜೆ ಪಾಠ ನಡೆಯುತ್ತದೆ. ಬೋರ್ಡು ಇಲ್ಲ, ಪಾಂಪ್ಲೆಟ್ ಇಲ್ಲ. ತಮ್ಮ ಹೆಸರು ಎಲ್ಲೂ ಹಾಕಬೇಡ ಅಂತ ಮಾಸ್ತರರು ಹೇಳಿದ್ದಾರೆ, ಹಾಗಾಗಿ ಹಾಕುತ್ತಿಲ್ಲ. ಆ ಓಣಿಯಲ್ಲಿ "ಇಂಗ್ಲಿಷ್ ಮಾಸ್ತರ ಮನಿ" ಅಂದರೆ ಸಣ್ಣ ಹುಡುಗರೂ ಕರೆದುಕೊಂಡು ಹೋಗಿ ಬಿಡುತ್ತಾರೆ.

ನನ್ನದು ಝೆರಾಕ್ಸ್, ಟೈಪಿಂಗ್, ಆನ್‌ಲೈನ್ ಅರ್ಜಿಯ ಅಂಗಡಿ. ಅರ್ಜಿ, ಅಫಿಡವಿಟ್, ಬಾಡಿಗೆ ಕರಾರು, ತಕರಾರು ಪತ್ರ, ಇವನ್ನು ಕಂಪ್ಯೂಟರಿನ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಕೊಡುವುದೇ ನನ್ನ ಹೊಟ್ಟೆಪಾಡು. ಅಂದರೆ ನಾನು ಕನ್ನಡ ಬರೆದು ಬದುಕುವವಳು. ಆದರೆ ಜನ ಇಂಗ್ಲಿಷ್ ಕಾಗದಗಳನ್ನೂ ತರುತ್ತಾರೆ. ಬ್ಯಾಂಕಿನ ನೋಟಿಸು, ವಿಮೆಯ ಪತ್ರ, ಧಾರವಾಡ ಹೈಕೋರ್ಟ್ ಪೀಠದ ಆದೇಶ. "ಅಕ್ಕಾ, ಇದರಾಗ ಏನೈತಿ, ಓದಿ ಹೇಳ್ರಿ" ಅಂತ ಮುಂದೆ ಇಡುತ್ತಾರೆ. ಅವರಿಗೆ ಸರಿಯಾಗಿ ಓದಿ ಹೇಳಬೇಕು ಅಂತ ನಾನು ಈ ಕ್ಲಾಸಿಗೆ ಸೇರಿದೆ. ಇಂಗ್ಲಿಷ್ ಬಂತು. ಅದರ ಜತೆಗೆ ನನ್ನ ಕನ್ನಡ ಬರವಣಿಗೆಯೂ ಬದಲಾಯಿತು, ಜಾಸ್ತಿ ಚೊಕ್ಕವಾಯಿತು. ನಾನು ಇದನ್ನು ಬರೆಯುತ್ತಿರುವುದು ಮುಖ್ಯವಾಗಿ ಆ ಎರಡನೆಯ ಕಾರಣಕ್ಕೆ.

ನಮ್ಮ ಕಡೆ ಎರಡು ಮಾತು ಬಹಳ ಓಡಾಡುತ್ತವೆ. ಇಂಗ್ಲಿಷ್ ಹತ್ತಿದರೆ ಕನ್ನಡ ಕೆಡುತ್ತದೆ ಅಂತ ಕೆಲವರು. ಕನ್ನಡ ಬಿಡದಿದ್ದರೆ ಇಂಗ್ಲಿಷ್ ಬರಲ್ಲ ಅಂತ ಇನ್ನು ಕೆಲವರು. ಎರಡೂ ಕಡೆಯವರು ತಲೆಯಲ್ಲಿ ಒಂದು ಭಾಷೆಗಷ್ಟೇ ಜಾಗ ಇದೆ ಅಂತ ನಂಬಿದವರು. ಈ ಪಡಸಾಲೆಯಲ್ಲಿ ಕೂತು ಕಲಿತ ಮೇಲೆ ನನಗೆ ಆ ನಂಬಿಕೆ ಸುಳ್ಳು ಅನ್ನಿಸಿದೆ. ಇನ್ನೊಂದು ಭಾಷೆ ನಮ್ಮ ಕನ್ನಡಕ್ಕೆ ಬಲ ಕೊಡುತ್ತದೋ, ಕನ್ನಡವನ್ನು ಸವೆಸುತ್ತದೋ ಅನ್ನುವುದು ಕಲಿಸುವ ಕ್ರಮದ ಮೇಲೆ ಇದೆ.

ಪಾಠದ ಕ್ರಮ ಹೇಳುತ್ತೇನೆ. ಮೊದಲು ನೀವು ಹೇಳಬೇಕಾದ ವಿಷಯವನ್ನು ಕನ್ನಡದಲ್ಲಿ ಪೂರ್ತಿ ಹೇಳಬೇಕು. ಅರ್ಧ ಹೇಳಿ ಕೈ ಆಡಿಸಿದರೆ ಮಾಸ್ತರರು ಬಿಡುವುದಿಲ್ಲ. "ಪೂರಾ ಹೇಳವ್ವ. ಯಾರು, ಯಾರಿಗೆ, ಏನು ಮಾಡಿದ್ರು? ಕನ್ನಡದಾಗ ತುಂಡು ಆದ್ರ ಇಂಗ್ಲಿಷ್‌ನಾಗ ಹೆಂಗ ಕೂಡಸ್ತಿ?" ಹೇಳಿದ್ದನ್ನು ಪುಸ್ತಕದ ಎಡಗಡೆ ಹಾಳೆಯಲ್ಲಿ ಬರೆಯಬೇಕು. ಬಲಗಡೆ ಅದನ್ನೇ ಇಂಗ್ಲಿಷಿನಲ್ಲಿ ಬರೆಯಬೇಕು. ತಪ್ಪು ತಿದ್ದುತ್ತಾರೆ. ಇಲ್ಲಿಯವರೆಗೆ ಹಳೆಯ ಕಾಲದ ಭಾಷಾಂತರ ಪಾಠವೇ.

ಬೇರೆ ಇರುವುದು ಮುಂದಿನ ಹೆಜ್ಜೆ. ಮುಂದಿನ ಕ್ಲಾಸಿನಲ್ಲಿ ಎಡಗಡೆಯ ಹಾಳೆಯನ್ನು ಮಡಚಿ ಮುಚ್ಚಿಸುತ್ತಾರೆ. ಇಂಗ್ಲಿಷ್ ಮಾತ್ರ ಕಾಣಬೇಕು. ಅದನ್ನು ನೋಡಿ ಮತ್ತೆ ಕನ್ನಡಕ್ಕೆ ತರಬೇಕು. ಆಮೇಲೆ ಮಡಿಕೆ ಬಿಚ್ಚಿ ಎರಡೂ ಕನ್ನಡವನ್ನು ಪಕ್ಕಪಕ್ಕ ಇಟ್ಟು ಜೋರಾಗಿ ಓದಬೇಕು. ಇಂಗ್ಲಿಷಿಗೆ ಹೋಗುವ ಮೊದಲಿನ ಕನ್ನಡ ಒಂದು, ಹೋಗಿ ಬಂದ ಕನ್ನಡ ಒಂದು. ಯಾವುದು ಚೆನ್ನಾಗಿದೆ ಅಂತ ಕೂತವರೆಲ್ಲ ಹೇಳಬೇಕು. ಒಮ್ಮೊಮ್ಮೆ ಮೊದಲಿನದೇ ಗೆಲ್ಲುತ್ತದೆ. ಒಮ್ಮೊಮ್ಮೆ ಎರಡನೆಯದು ಗೆಲ್ಲುತ್ತದೆ. ಯಾಕೆ ಅಂತ ಹುಡುಕುವುದರಲ್ಲೇ ಅರ್ಧ ತಾಸು ಹೋಗುತ್ತದೆ. ಈ ಅರ್ಧ ತಾಸಿಗಾಗಿಯೇ ನಾನು ಫೀಸು ಕೊಡುತ್ತೇನೆ ಅಂದರೂ ಸರಿ.

ನನ್ನ ಕೆಲಸದ್ದೇ ಒಂದು ಉದಾಹರಣೆ ಕೊಡುತ್ತೇನೆ. ಪಹಣಿಯಲ್ಲಿ ಹೆಸರು ತಿದ್ದಲು, ಖಾತೆ ಬದಲಿಸಲು ಬರೆಯುವ ಅರ್ಜಿ ಎಲ್ಲರಿಗೂ ಗೊತ್ತು. ಎಲ್ಲ ಟೈಪಿಂಗ್ ಅಂಗಡಿಗಳಲ್ಲೂ ಹೆಚ್ಚೂ ಕಡಿಮೆ ಒಂದೇ ಧಾಟಿ. "ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಸದರಿ ಜಮೀನು ನಮ್ಮ ಪೂರ್ವಜರಿಂದ ಬಂದಿದ್ದು, ಪಹಣಿಯಲ್ಲಿ ನಮ್ಮ ತಂದೆಯವರ ಅಣ್ಣನವರ ಹೆಸರು ನಮೂದಾಗಿದ್ದು, ಸದರಿಯವರು ಮರಣ ಹೊಂದಿದ್ದು, ಹಲವು ಬಾರಿ ಕಚೇರಿಗೆ ಬಂದಿದ್ದು, ಆದಕಾರಣ..." ಹೀಗೆ ಒಂದೇ ವಾಕ್ಯ ಪುಟದ ಕೊನೆಯವರೆಗೆ ಹೋಗುತ್ತದೆ. ದಶಕಗಳಿಂದ ಬಂದ ಧಾಟಿ. ಕೇಳಲು ಗಂಭೀರವಾಗಿರುತ್ತದೆ. ಅರ್ಜಿ ಬರೆಸುವವರಿಗೂ ಹಾಗೆ ಇದ್ದರೇ ಸಮಾಧಾನ.

ಅಂಥ ಒಂದು ಅರ್ಜಿಯನ್ನು, ಹೆಸರು ಸರ್ವೆ ನಂಬರು ತೆಗೆದು, ಕ್ಲಾಸಿಗೆ ಒಯ್ದಿದ್ದೆ. ಇಂಗ್ಲಿಷಿಗೆ ತಿರುಗಿಸಲು ಕೂತರೆ ಎರಡನೇ ಸಾಲಿಗೇ ನಿಂತೆವು. ಸತ್ತವರು ಯಾರು? ತಂದೆಯೋ, ತಂದೆಯ ಅಣ್ಣನೋ? ಕಚೇರಿಗೆ ಬಂದವರು ಯಾರು? ಅರ್ಜಿದಾರನೋ, ಸತ್ತವರು ಬದುಕಿದ್ದಾಗ ಬಂದಿದ್ದರೋ? ಇಂಗ್ಲಿಷಿನಲ್ಲಿ ಹೀಗೆ ನಡೆದದ್ದನ್ನು ಹೇಳುವ ವಾಕ್ಯಕ್ಕೆ ಸಾಮಾನ್ಯವಾಗಿ ಒಬ್ಬ ಕರ್ತೃವನ್ನು ನಿಲ್ಲಿಸಲೇಬೇಕು. ಕನ್ನಡದ ಅರ್ಜಿಯಲ್ಲಿ ಆ ಕರ್ತೃ ಇರಲಿಲ್ಲ.

ಮಾಸ್ತರರು ಇದನ್ನು ಬಿಡಿಸಿ ಹೇಳಿದ್ದು ನನಗೆ ಬಹಳ ಉಪಯೋಗವಾಯಿತು. ಕನ್ನಡದಲ್ಲಿ "ಬಂದೆ" ಅಂದರೆ ನಾನು, "ಬಂದಳು" ಅಂದರೆ ಅವಳು, "ಬಂದರು" ಅಂದರೆ ಅವರು. ಕ್ರಿಯಾಪದದ ಬಾಲದಲ್ಲೇ ಕರ್ತೃ ಕೂತಿರುತ್ತಾನೆ. ಅದಕ್ಕೇ ನಾವು ನಾನು, ಅವಳು ಅಂತ ಬಿಡಿಸಿ ಹೇಳದಿದ್ದರೂ ಮಾತು ನಡೆಯುತ್ತದೆ. ಆದರೆ "ಬಂದಿದ್ದು", "ಹೊಂದಿದ್ದು" ಅಂತ ಪೋಣಿಸುತ್ತಾ ಹೋದಾಗ ಆ ಬಾಲ ಕತ್ತರಿಸಿ ಹೋಗುತ್ತದೆ. ಯಾರು ಅನ್ನುವ ಗುರುತು ವಾಕ್ಯದ ಕೊನೆಯ ಕ್ರಿಯಾಪದದವರೆಗೂ ಸಿಗುವುದಿಲ್ಲ. ಪುಟ ಉದ್ದದ ವಾಕ್ಯದಲ್ಲಿ ಕೊನೆಗೆ ಬರುವ ಹೊತ್ತಿಗೆ ಓದುವ ಗುಮಾಸ್ತರಿಗೆ ಮೊದಲು ಏನಿತ್ತು ಅನ್ನುವುದೇ ಮರೆತಿರುತ್ತದೆ.

ಕನ್ನಡ ನಾನು ಹುಟ್ಟಿದಾಗಿನಿಂದ ಆಡುವ ಭಾಷೆ. ಆದರೂ ಈ ಕಟ್ಟಡದ ಗುಟ್ಟು ಒಳಗೇ ನಿಂತು ನೋಡಿದರೆ ಕಾಣುವಂಥದ್ದಲ್ಲ. ಬೇರೆ ಥರ ಕಟ್ಟಿದ ಭಾಷೆಯೊಳಗೆ ಹೋಗಿ ಹೊರಳಿ ನೋಡಿದಾಗ ಕಂಡಿತು. ಈಗ ನನ್ನ ಅಂಗಡಿಯ ಅರ್ಜಿ ಹೀಗಿರುತ್ತದೆ: "ಈ ಹೊಲ ನಮ್ಮ ಅಜ್ಜನದು. ಪಹಣಿಯಲ್ಲಿ ಈಗಲೂ ನಮ್ಮ ದೊಡ್ಡಪ್ಪನ ಹೆಸರು ಇದೆ. ದೊಡ್ಡಪ್ಪ ತೀರಿಕೊಂಡಿದ್ದಾರೆ. ಅವರಿಗೆ ಮಕ್ಕಳಿಲ್ಲ. ನಾನು ಅವರ ತಮ್ಮನ ಮಗ. ಮರಣ ಪ್ರಮಾಣಪತ್ರ ಮತ್ತು ವಂಶವೃಕ್ಷ ಲಗತ್ತಿಸಿದ್ದೇನೆ. ಖಾತೆಯನ್ನು ನನ್ನ ಹೆಸರಿಗೆ ಮಾಡಿಕೊಡಬೇಕೆಂದು ಕೋರುತ್ತೇನೆ." ಅಷ್ಟೇ. ಮೊದಮೊದಲು ಗಿರಾಕಿಗಳು "ಇಷ್ಟು ಸಣ್ಣದಾ?" ಅಂತ ಅನುಮಾನ ಪಟ್ಟರು. ಓದಿ ಹೇಳಿದ ಮೇಲೆ ಒಪ್ಪಿದರು. ಯಾಕೆಂದರೆ ಅವರಿಗೇ ಅರ್ಥವಾಯಿತು. ತಮ್ಮ ಅರ್ಜಿ ತಮಗೇ ಅರ್ಥವಾಗುವುದು ಸಣ್ಣ ವಿಷಯ ಅಲ್ಲ, ಅಲ್ವಾ?

ಇದು ನನ್ನೊಬ್ಬಳ ಅನುಭವ ಆಗಿದ್ದರೆ ಇಷ್ಟು ಗಟ್ಟಿಯಾಗಿ ಹೇಳುತ್ತಿರಲಿಲ್ಲ. ಹಂಗೇರಿ ದೇಶದ ಶಾಲೆಗಳಲ್ಲಿ ಇಶ್ತ್ವಾನ್ ಕೆಚ್ಕೇಶ್ ಮತ್ತು ತ್ಯುಂದೆ ಪಾಪ್ ಎಂಬಿಬ್ಬರು ಭಾಷಾ ಸಂಶೋಧಕರು ಇದನ್ನೇ ನೋಡಿದ್ದಾರೆ. ಫಲಿತಾಂಶವನ್ನು 2000ದಲ್ಲಿ ಪ್ರಕಟಿಸಿದರು. ಪರಭಾಷೆಯನ್ನು ಆಳವಾಗಿ, ಬಹಳ ತಾಸು ಕಲಿತ ಹೈಸ್ಕೂಲ್ ಮಕ್ಕಳು ತಮ್ಮ ಹಂಗೇರಿಯನ್ ಭಾಷೆಯಲ್ಲೇ ಬರೆದದ್ದನ್ನು ನೋಡಿದರು. ವಾಕ್ಯ ಕಟ್ಟುವ ಶಕ್ತಿ ಆ ಮಕ್ಕಳಲ್ಲಿ ಹೆಚ್ಚಾಗಿ ಬೆಳೆದಿತ್ತು. ನಾಮಕಾವಸ್ತೆ ಪಾಠ ಇದ್ದ ಕಡೆ ಆ ಬೆಳವಣಿಗೆ ಅಷ್ಟು ಕಾಣಲಿಲ್ಲ. ವಾರಕ್ಕೊಂದು ದಿನ ನಾಲ್ಕು ಇಂಗ್ಲಿಷ್ ಮಾತು ಬಾಯಿಪಾಠ ಮಾಡಿಸುವ ಕ್ಲಾಸಿನಿಂದ ನಿಮ್ಮ ಕನ್ನಡಕ್ಕೆ ಏನೂ ಆಗುವುದಿಲ್ಲ, ಒಳ್ಳೆಯದೂ ಇಲ್ಲ, ಕೆಟ್ಟದ್ದೂ ಇಲ್ಲ ಅಂತ ನಾನು ಇದನ್ನು ಅರ್ಥ ಮಾಡಿಕೊಂಡಿದ್ದೇನೆ.

ಇನ್ನು ಹಾನಿಯ ಮಾತು. ಅದು ಇಲ್ಲವೇ ಇಲ್ಲ ಅಂತ ಹೇಳುವವರನ್ನು ನಾನು ನಂಬುವುದಿಲ್ಲ. ಕ್ಲಾಸಿನಲ್ಲೇ ದಿನಾ ಕಾಣುತ್ತದೆ. ಇಂಗ್ಲಿಷಿನಿಂದ ಹಿಂದಕ್ಕೆ ಬರುವಾಗ ಎಷ್ಟೋ ಜನ "ಪತ್ರವು ನನ್ನಿಂದ ಬರೆಯಲ್ಪಟ್ಟಿತು" ಅಂತ ಬರೆಯುತ್ತಾರೆ. "ಯಾವ ಹುಡುಗ ನಿನ್ನೆ ಬಂದಿದ್ದನೋ ಆ ಹುಡುಗ" ಅಂತ ಬರೆಯುತ್ತಾರೆ. ನಿನ್ನೆ ಬಂದ ಹುಡುಗ ಅಂದರೆ ಮುಗಿಯಿತು. ಕನ್ನಡದಲ್ಲಿ ಇಂಥ ವಿವರ ಹೆಸರಿಗಿಂತ ಮೊದಲು ಬರುತ್ತದೆ, ಇಂಗ್ಲಿಷಿನಲ್ಲಿ ಹೆಸರಾದ ಮೇಲೆ ಬರುತ್ತದೆ. ಇಂಗ್ಲಿಷಿನ ಆ ಕಟ್ಟನ್ನು ಹಾಗೇ ಎತ್ತಿ ತಂದರೆ ಕನ್ನಡ ಮುರಿಯುತ್ತದೆ. ಅಂಥ ಕಡೆ ಮಾಸ್ತರರು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿ ಒಂದೇ ಪ್ರಶ್ನೆ ಕೇಳುತ್ತಾರೆ. "ನಿಮ್ಮವ್ವ ಹಿಂಗ ಮಾತಾಡ್ತಾಳೇನು?" ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಮನೆಯ ಮಾತಿನ ಕಡೆ ಕಿವಿ ತಿರುಗುತ್ತದೆ. ಸರ್ಕಾರಿ ಸುತ್ತೋಲೆಗಳಲ್ಲಿ, ಆ್ಯಪ್‌ಗಳ ಕನ್ನಡದಲ್ಲಿ ಈ "ಲ್ಪಟ್ಟಿದೆ" ಎಷ್ಟು ತುಂಬಿಕೊಂಡಿದೆ ಅನ್ನುವುದು ನನಗೆ ಈಗ ಕಣ್ಣಿಗೆ ರಾಚುತ್ತದೆ. ಅದನ್ನು ಬರೆದವರಿಗೂ ಇಂಥ ಒಬ್ಬ ಮಾಸ್ತರರು ಸಿಗಬೇಕಿತ್ತು.

ಇನ್ನೊಂದು ತೊಂದರೆ ತಾತ್ಕಾಲಿಕ. ಹೊಸ ಭಾಷೆಯಲ್ಲಿ ಪೂರ್ತಿ ಮುಳುಗಿದ ದಿನಗಳಲ್ಲಿ ಕನ್ನಡದ ಮಾತು ನಾಲಗೆಯ ತುದಿಗೆ ಬಂದು ನಿಲ್ಲುತ್ತದೆ. ನಮ್ಮ ಬ್ಯಾಚಿನ ಒಬ್ಬ ನರ್ಸ್ ಇದಕ್ಕೆ ಬಹಳ ಹೆದರಿದ್ದಳು. ಮಾಸ್ತರರು ಅವಳಿಗೆ ಒಂದು ಅಧ್ಯಯನದ ವಿಷಯ ಹೇಳಿದರು. ಅಮೆರಿಕದ ವಿದ್ಯಾರ್ಥಿಗಳು ಸ್ಪೇನಿಗೆ ಹೋಗಿ ಒಂದು ಸೆಮಿಸ್ಟರ್ ಇದ್ದರು. ಅಲ್ಲಿ ಇರುವಾಗ ಅವರನ್ನು ಪರೀಕ್ಷೆ ಮಾಡಿದರೆ, ಪ್ರಾಣಿಗಳ ಹೆಸರು ಹೇಳಿ ಅಂದಂಥ ಸಣ್ಣ ಕೆಲಸದಲ್ಲೂ ತಮ್ಮ ಇಂಗ್ಲಿಷ್ ಪದಗಳು ಅವರಿಗೆ ಕಡಿಮೆ ಹೊಳೆದವು. ಊರಿಗೆ ಬಂದ ಮೇಲೆ ಮತ್ತೆ ಸರಾಗವಾಯಿತು. ಇದು 2009ರಲ್ಲಿ ಪ್ರಕಟವಾದ ಅಧ್ಯಯನ. ಹೊಸ ಭಾಷೆ ಆಡಲು ಹಳೆಯದನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿಯಬೇಕಾಗುತ್ತದೆ, ಅದು ಅಳಿದು ಹೋಗುವುದಿಲ್ಲ ಅಂತ ಮಾಸ್ತರರ ಮಾತು. ಉಚ್ಚಾರವೂ ಹೀಗೆ ಅಲುಗಾಡುತ್ತದೆ. ಕೊರಿಯಾಕ್ಕೆ ಹೋಗಿ ಕೊರಿಯನ್ ಕಲಿಯಲು ಶುರುಮಾಡಿದ ಅಮೆರಿಕನ್ನರ ಇಂಗ್ಲಿಷ್ ಧ್ವನಿಯೇ ಕೆಲವು ವಾರಗಳಲ್ಲಿ ಕೊಂಚ ಸರಿದಿತ್ತು ಅಂತ ಚಾರ್ಲ್ಸ್ ಚಾಂಗ್ 2012ರಲ್ಲಿ ತೋರಿಸಿದ್ದಾರೆ. ಇದನ್ನೆಲ್ಲ ಕೇಳಿದ ಮೇಲೆ ಆ ನರ್ಸ್ ಕ್ಲಾಸು ಬಿಡಲಿಲ್ಲ. ಈಗ ಅವಳೇ ಹೊಸಬರಿಗೆ ಧೈರ್ಯ ಹೇಳುತ್ತಾಳೆ.

ನಿಜವಾದ ಹಾನಿ ಎಲ್ಲಿಂದ ಬರುತ್ತದೆ ಅನ್ನುವುದು ನನಗೆ ತಂಗಿಯ ಮಗಳಿಂದ ಗೊತ್ತಾಯಿತು. ಅವಳು ಮೊದಲು ಬೇರೆ ಊರಿನ ಒಂದು ಸ್ಪೋಕನ್ ಇಂಗ್ಲಿಷ್ ಕ್ಲಾಸಿಗೆ ಹೋಗುತ್ತಿದ್ದಳು. ಅಲ್ಲಿ ಕನ್ನಡದ ಒಂದು ಮಾತು ಬಂದರೆ ಹತ್ತು ರೂಪಾಯಿ ದಂಡ. ದಂಡದ ಡಬ್ಬಿಯನ್ನು ಮೇಜಿನ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟಿದ್ದರು. ಮನೆಯಲ್ಲೂ ಕನ್ನಡ ಕಡಿಮೆ ಮಾಡಿ ಅಂತ ತಂಗಿಗೆ ಹೇಳಿ ಕಳಿಸಿದ್ದರು. ಹುಡುಗಿ ಬುದ್ಧಿವಂತೆ. ದಂಡ ತಪ್ಪಿಸಲು ಒಂದು ದಾರಿ ಹುಡುಕಿಕೊಂಡಳು, ಬಾಯಿ ಮುಚ್ಚಿಕೊಂಡು ಕೂರುವುದು. ಇಂಗ್ಲಿಷಿನಲ್ಲಿ ಹೇಳಲು ಬರುವಷ್ಟನ್ನು ಮಾತ್ರ ಹೇಳುವುದು, ಉಳಿದದ್ದನ್ನು ಹೇಳದೇ ಬಿಡುವುದು. ಸ್ವಲ್ಪ ದಿನಕ್ಕೆ ಮನೆಯಲ್ಲಿ ಅಜ್ಜಿಯ ಜತೆಗೂ ಹಾಗೇ ಆದಳು. ಜಾತ್ರೆಗೆ ಹೋಗಿ ಬಂದವಳನ್ನು ಏನೇನು ನೋಡಿದಿ ಅಂತ ಕೇಳಿದರೆ "ಚೆನ್ನಾಗಿತ್ತು" ಅಂದು ಎದ್ದು ಹೋಗುತ್ತಿದ್ದಳು. ಗವಿಸಿದ್ಧೇಶ್ವರನ ಜಾತ್ರೆ! ತೇರು, ದಾಸೋಹ, ಅಷ್ಟು ಜನ. ಅದನ್ನು ಕಂಡು ಬಂದ ಹುಡುಗಿಗೆ ಹೇಳಲು ಒಂದೇ ಮಾತು ಅಂದರೆ ನನಗೆ ಹೊಟ್ಟೆಯಲ್ಲಿ ಸಂಕಟವಾಯಿತು.

ಕೆನಡಾದ ಮನಶ್ಶಾಸ್ತ್ರಜ್ಞ ವ್ಯಾಲೆಸ್ ಲ್ಯಾಂಬರ್ಟ್ 1970ರ ದಶಕದಲ್ಲಿ ಈ ಎರಡು ದಾರಿಗಳನ್ನು ಬೇರೆ ಮಾಡಿ ತೋರಿಸಿದರು. ಒಂದು ಕೂಡಿಸುವ ದಾರಿ. ತಾಯ್ನುಡಿಗೆ ಮನೆಯಲ್ಲಿ, ಊರಲ್ಲಿ, ಶಾಲೆಯಲ್ಲಿ ಮರ್ಯಾದೆ ಇದ್ದು, ಅದರ ಮೇಲೆ ಇನ್ನೊಂದು ಭಾಷೆ ಸೇರುವುದು. ಇನ್ನೊಂದು ಕಳೆಯುವ ದಾರಿ. ಹೊಸ ಭಾಷೆ ತಾಯ್ನುಡಿಯ ಜಾಗವನ್ನೇ ಕಿತ್ತುಕೊಳ್ಳುವುದು. ಆ ಡಬ್ಬಿ ಇಟ್ಟ ಕ್ಲಾಸಿನವರು ಮಕ್ಕಳಿಗೆ ಕಲಿಸುತ್ತಿದ್ದದ್ದು ಕನ್ನಡ ಅಂದರೆ ತಪ್ಪು ಅನ್ನುವುದನ್ನು. ಇದನ್ನು ನಾನು ಯಾವ ಕಾರಣಕ್ಕೂ ಒಪ್ಪಲಾರೆ. ಒಂದು ಮಗುವಿನ ಬಾಯಿಗೆ ಬಂದ ಮೊದಲ ಮಾತಿಗೆ ದಂಡ ಹಾಕುವ ಹಕ್ಕು ಯಾರಿಗೂ ಇಲ್ಲ.

ಅವಳನ್ನು ಅಲ್ಲಿಂದ ಬಿಡಿಸಿ ಮಾಸ್ತರರ ಹತ್ತಿರ ಕರೆದುಕೊಂಡು ಬಂದೆ. ಅವರು ಮೊದಲು ಅವಳಿಗೆ ಇಂಗ್ಲಿಷ್ ಕಲಿಸಲೇ ಇಲ್ಲ. "ತಂಗೀ, ನೀ ಬರೂ ದಾರ್ಯಾಗ ಏನೇನು ನೋಡಿದಿ ಹೇಳು" ಅಂದರು. ಒಂದು ಸಾಲು ಬಂತು. "ಮತ್ತ?" ಅಂದರು. ಇನ್ನೊಂದು ಸಾಲು. ಎಷ್ಟೋ ಸಂಜೆ ಹೀಗೇ ನಡೆಯಿತು. ಕನ್ನಡ ತುಂಬಿ ಬಂದಂತೆ ಇಂಗ್ಲಿಷಿನಲ್ಲೂ ಹೇಳಲು ಅವಳಿಗೆ ವಿಷಯ ಸಿಕ್ಕಿತು. ಈಗ ಅವಳು ಎರಡರಲ್ಲೂ ಬರೆಯುತ್ತಾಳೆ. ಕನ್ನಡದ ಪ್ರಬಂಧಕ್ಕೆ ಶಾಲೆಯಲ್ಲಿ ಬಹುಮಾನ ಬಂತು. ಅಜ್ಜಿಗೆ ಪೇಪರ್ ಓದಿ ಹೇಳುವ ಕೆಲಸ ಅವಳದೇ. ಇಂಗ್ಲಿಷ್ ಪೇಪರಿನ ಸುದ್ದಿಯನ್ನು ಅಲ್ಲೇ ಕನ್ನಡ ಮಾಡಿ ಹೇಳುತ್ತಾಳೆ, ಅಜ್ಜಿ ನಡುವೆ ಪ್ರಶ್ನೆ ಕೇಳಿದರೆ ಅದಕ್ಕೂ ಉತ್ತರ ಇದೆ.

ನಮ್ಮ ಭಾಗದ ಜನಕ್ಕೆ ಈ ವಿಷಯ ಹೊಸದಲ್ಲ ಅಂತ ಮಾಸ್ತರರು ಆಗಾಗ ಹೇಳುತ್ತಾರೆ. ಕೊಪ್ಪಳ, ರಾಯಚೂರು 1948ರವರೆಗೆ ನಿಜಾಮರ ಕೈಯಲ್ಲಿದ್ದವು. ಕಚೇರಿಯ ಭಾಷೆ ಉರ್ದು. ಮೇಲಿನ ಓದೂ ಉರ್ದುವಿನಲ್ಲೇ. 1918ರಲ್ಲಿ ಶುರುವಾದ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾಲಯ ಆಗ ಉರ್ದು ಮಾಧ್ಯಮದ್ದಾಗಿತ್ತು. ಅದೇ 1918ರಲ್ಲಿ ನಮ್ಮ ಜಿಲ್ಲೆಯ ದ್ಯಾಂಪುರದಲ್ಲಿ ಹುಟ್ಟಿದ ಸಿದ್ಧಯ್ಯ ಪುರಾಣಿಕರು ಉಸ್ಮಾನಿಯಾದಲ್ಲಿ ಓದಿದರು, ದೊಡ್ಡ ಅಧಿಕಾರಿಯಾದರು, ಕಾವ್ಯಾನಂದ ಅಂತ ಕನ್ನಡದಲ್ಲಿ ಹೆಸರಾದರು. ರಾಯಚೂರು ಕಡೆಯ ಶಾಂತರಸರು ಉರ್ದು ಬಲ್ಲವರು. ಗಜಲನ್ನು ಕನ್ನಡಕ್ಕೆ ತಂದು ಕನ್ನಡದ ಕಾವ್ಯಕ್ಕೆ ಹೊಸದೊಂದು ರೂಪ ಕೊಟ್ಟರು. ಉರ್ದುವಿನ ಅಧಿಕಾರ ಜೋರಾಗಿದ್ದ ಕಾಲ ಅದು. ಕನ್ನಡ ಶಾಲೆಗಳಿಗೆ ಕಷ್ಟ ಇತ್ತು. ಆದರೆ ಮನೆ, ಮಠ, ಭಜನೆ, ಬಯಲಾಟದಲ್ಲಿ ಕನ್ನಡ ಗಟ್ಟಿಯಾಗಿ ನಿಂತಿತ್ತು. ಅದಕ್ಕೇ ಇಂಥವರಿಗೆ ಉರ್ದು ಕೂಡಿತು, ಕನ್ನಡ ಕಳೆಯಲಿಲ್ಲ.

ಇನ್ನೂ ಹಿಂದಕ್ಕೆ ಹೋದರೆ ಕವಿರಾಜಮಾರ್ಗ. ಒಂಬತ್ತನೇ ಶತಮಾನದ್ದು, ಕನ್ನಡದಲ್ಲಿ ನಮಗೆ ಸಿಕ್ಕಿರುವ ಅತಿ ಹಳೆಯ ಗ್ರಂಥ. ಕನ್ನಡದ ತಿರುಳು ಇರುವ ನಾಡು ಯಾವುದು ಅಂತ ಹೇಳುವಾಗ ಅದು ಕಿಸುವೊಳಲು, ಪುಲಿಗೆರೆ, ಒಕ್ಕುಂದದ ಜತೆಗೆ ಕೊಪಣವನ್ನೂ ಎಣಿಸುತ್ತದೆ. ಕೊಪಣ ಅಂದರೆ ನಮ್ಮ ಕೊಪ್ಪಳವೇ. ಇದನ್ನು ಊರಿನವರೆಲ್ಲ ಹೆಮ್ಮೆಯಿಂದ ಹೇಳುತ್ತೇವೆ. ಮಾಸ್ತರರು ಇನ್ನೊಂದು ಮಾತು ಸೇರಿಸುತ್ತಾರೆ. ಆ ಗ್ರಂಥ ಬರೆದವರು ಸಂಸ್ಕೃತದಲ್ಲಿ ದಂಡಿ ಬರೆದ ಕಾವ್ಯಾದರ್ಶವನ್ನು ಚೆನ್ನಾಗಿ ಅರೆದು ಕುಡಿದವರು. ಎಷ್ಟೋ ಕಡೆ ಅದನ್ನೇ ಅನುಸರಿಸುತ್ತಾರೆ. ಹಾಗಿದ್ದೂ ಕನ್ನಡಕ್ಕೆ ಯಾವುದು ಒಗ್ಗುತ್ತದೆ, ಯಾವುದು ಒಗ್ಗುವುದಿಲ್ಲ ಅಂತ ತೂಗಿ ನೋಡುತ್ತಾರೆ. ಇನ್ನೊಂದು ಭಾಷೆಯನ್ನು ಆಳವಾಗಿ ಬಲ್ಲವರಿಗೇ ಆ ತೂಕ ಸಿಕ್ಕಿತು. ಈ ಮಾತು ಕೇಳಿದ ಸಂಜೆ ನನಗೆ ನಮ್ಮ ಊರಿನ ಮೇಲೆ ಹೊಸ ಪ್ರೀತಿ ಹುಟ್ಟಿತು, ಸುಳ್ಳಲ್ಲ.

ಬೆರೆತು ಬೆರೆತು ಭಾಷೆಗಳು ಒಂದನ್ನೊಂದು ಬದಲಿಸುತ್ತವೆ ಅನ್ನುವುದಕ್ಕೂ ಕನ್ನಡದ್ದೇ ಉದಾಹರಣೆ ಇದೆ. ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯಲ್ಲಿ ಕುಪ್ವಾಡ ಅಂತ ಒಂದು ಊರು. ಅಲ್ಲಿ ಕನ್ನಡ, ಮರಾಠಿ, ಉರ್ದು ಆಡುವವರು ನೂರಾರು ವರ್ಷ ಒಟ್ಟಿಗೆ ಬದುಕಿದ್ದಾರೆ. ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ ಅಲ್ಲಿಯ ಮಾತನ್ನು ಅಭ್ಯಾಸ ಮಾಡಿ 1971ರಲ್ಲಿ ಬರೆದರು. ಪದಗಳು ಬೇರೆ ಬೇರೆಯಾಗೇ ಉಳಿದಿವೆ, ವಾಕ್ಯದ ಕಟ್ಟು ಮಾತ್ರ ಹೆಚ್ಚೂ ಕಡಿಮೆ ಒಂದೇ ಆಗಿದೆ ಅಂತ. ಆದರೂ ಅವರು ನೋಡಿದ ಹೊತ್ತಿಗೆ ಆ ಊರಿನ ಕನ್ನಡದ ಮನೆಗಳು ಕನ್ನಡ ಬಿಟ್ಟಿರಲಿಲ್ಲ. ಹೊರಗೆ ಎಷ್ಟು ಭಾಷೆ ಆಡಿದರೂ ಮನೆಯೊಳಗೆ ತಮ್ಮದನ್ನೇ ಆಡುತ್ತಿದ್ದರು.

ಮಾಸ್ತರರ ಹತ್ತಿರ ಹಿಂದಿಯ ಬ್ಯಾಚೂ ಇದೆ. ಗಿಣಿಗೇರಿ ಕಡೆಯ ಉಕ್ಕಿನ ಕಾರ್ಖಾನೆಗಳಲ್ಲಿ ಸೂಪರ್‌ವೈಸರ್ ಆಗಿರುವವರು ಅದಕ್ಕೆ ಬರುತ್ತಾರೆ, ಬಿಹಾರ, ಒಡಿಶಾದ ಕೆಲಸಗಾರರ ಜತೆ ಮಾತಾಡಬೇಕಲ್ಲ. ಭಾಗ್ಯನಗರದ ಕೂದಲು ವ್ಯಾಪಾರದವರೂ ಒಬ್ಬಿಬ್ಬರು ಬರುತ್ತಾರೆ. ನಮ್ಮ ಕಡೆ ಮಾತಿನಲ್ಲಿ ಮಹಾಪ್ರಾಣ ಅಷ್ಟು ಒತ್ತುವುದಿಲ್ಲ, ಹಾಗಾಗಿ ಬರೆಯುವಾಗ ಧ, ಭ, ಖ ತಪ್ಪುತ್ತವೆ. ಹಿಂದಿಯಲ್ಲಿ ಅವನ್ನು ಬಿಟ್ಟರೆ ಎದುರಿಗೆ ಇರುವವನಿಗೆ ತಿಳಿಯುವುದಿಲ್ಲ. ಕಿವಿ ಹಾಗೆ ಪಳಗಿದ ಮೇಲೆ ಅವರ ಕನ್ನಡ ಕಾಗುಣಿತವೂ ಸುಧಾರಿಸಿದ್ದನ್ನು ನಾನೇ ನೋಡಿದ್ದೇನೆ. ಒಬ್ಬರು ತಮ್ಮ ರಜಾ ಅರ್ಜಿಯನ್ನು ನನ್ನ ಅಂಗಡಿಯಲ್ಲೇ ಟೈಪ್ ಮಾಡಿಸುತ್ತಿದ್ದರು. ಈಗ ಕೈಯಲ್ಲೇ ಬರೆದುಕೊಂಡು ಹೋಗುತ್ತಾರೆ. ನನಗೆ ಒಬ್ಬ ಗಿರಾಕಿ ಕಡಿಮೆ, ಆದರೂ ಸಂತೋಷ.

ಈಗ ಕೊರತೆಗಳು. ಜಾಗ ಸಣ್ಣದು. ಹದಿನೈದು ಜನ ಆದರೆ ಮೊಣಕಾಲಿಗೆ ಮೊಣಕಾಲು ತಾಗುತ್ತದೆ. ನೆಲದ ಮೇಲೆ ಜಮಖಾನೆ, ಎರಡು ಬೆಂಚು. ಬೇಸಿಗೆಯಲ್ಲಿ ಕರೆಂಟು ಹೋದರೆ ಅಂಗಳಕ್ಕೆ ಬರಬೇಕು, ಅಲ್ಲಿ ಸೊಳ್ಳೆ. ಗಾಡಿ ನಿಲ್ಲಿಸಲು ಓಣಿಯಲ್ಲಿ ಜಾಗವಿಲ್ಲ, ಮುಖ್ಯ ರಸ್ತೆಯಲ್ಲೇ ಬಿಟ್ಟು ನಡೆದು ಬನ್ನಿ.

ದೊಡ್ಡ ಕೊರತೆ ಅಂದರೆ ಕೇಳಿಸುವ ಅಭ್ಯಾಸ ಕಡಿಮೆ. ಮಾಸ್ತರರ ವ್ಯಾಕರಣ ಗಟ್ಟಿ, ಓದು ಗಟ್ಟಿ, ಆದರೆ ಉಚ್ಚಾರ ಹಳೆಯ ಕಾಲದ ಶಾಲೆಯ ಉಚ್ಚಾರ. ಬೆಂಗಳೂರಿನ ಕಾಲ್ ಸೆಂಟರಿಗೆ, ವಿದೇಶಕ್ಕೆ ಹೋಗುವವರಿಗೆ ಅದು ಸಾಲದು. ಫೋನಿನಲ್ಲಿ ಬರುವ ವೇಗದ ಇಂಗ್ಲಿಷ್ ಹಿಡಿಯಲು ನಾನು ಮನೆಯಲ್ಲಿ ಬೇರೆಯಾಗಿ ರೇಡಿಯೋ, ವಿಡಿಯೋ ಕೇಳಬೇಕಾಯಿತು. ಒಂದು ಸ್ಪೀಕರ್ ತಂದು ದಿನಾ ಹತ್ತು ನಿಮಿಷ ಕೇಳಿಸಿದರೆ ಈ ಕ್ಲಾಸು ಬಹಳ ಮೇಲಕ್ಕೆ ಹೋಗುತ್ತದೆ. ಇದನ್ನು ಅವರಿಗೂ ಹೇಳಿದ್ದೇನೆ. ಯೋಚನೆ ಮಾಡೋಣ ಅಂದಿದ್ದಾರೆ.

ವೇಗವೂ ಇಲ್ಲ. ಮೂವತ್ತು ದಿನದಲ್ಲಿ ಇಂಗ್ಲಿಷ್ ಅನ್ನುವವರ ಪೈಕಿ ಇವರಲ್ಲ. ಎಡಗಡೆ ಬಲಗಡೆ ಬರೆಯುವುದು ಕೆಲವರಿಗೆ ಬೇಜಾರು ತರುತ್ತದೆ. ಮೊದಲ ತಿಂಗಳಲ್ಲೇ ಬಿಟ್ಟು ಹೋಗುವವರು ಇದ್ದಾರೆ. ವಾಟ್ಸಾಪಿನಲ್ಲಿ ಫೋಟೋ ಕಳಿಸಿದರೆ ಹೋಂವರ್ಕ್ ನೋಡುವುದಿಲ್ಲ, ಪುಸ್ತಕವೇ ಬೇಕು. ಸರ್ಟಿಫಿಕೇಟ್ ಇಲ್ಲ. ಪಿಡಿಒ, ಎಫ್‌ಡಿಎ ಪರೀಕ್ಷೆಗೆ ಓದುವವರು ಇಂಗ್ಲಿಷ್ ಪತ್ರಿಕೆಗೆ ಬೇರೆ ಪ್ರಶ್ನೆಪತ್ರಿಕೆಗಳನ್ನು ಬಿಡಿಸಿ ಅಭ್ಯಾಸ ಮಾಡಬೇಕು. ಆದರೆ ಕನ್ನಡ ಪತ್ರಿಕೆಯಲ್ಲಿ ಸಂಕ್ಷೇಪ ಲೇಖನ, ಭಾಷಾಂತರ ಬಂದರೆ ಇಲ್ಲಿ ಕಲಿತವರು ಕೈ ನಡುಗದೆ ಬರೆಯುತ್ತಾರೆ.

ಮಕ್ಕಳನ್ನು ಸೇರಿಸಲು ಬರುವ ತಾಯಿ ತಂದೆಗೆ ಮಾಸ್ತರರು ಒಂದು ಷರತ್ತು ಹಾಕುತ್ತಾರೆ. ಮನೆಯಲ್ಲಿ ಮಗುವಿನ ಜತೆ ದಿನಾ ಕನ್ನಡದಲ್ಲಿ ಮಾತಾಡಬೇಕು, ಕನ್ನಡದ ಕತೆ ಪುಸ್ತಕ ಓದಿಸಬೇಕು. ತಮ್ಮ ಹರಕು ಮುರುಕು ಇಂಗ್ಲಿಷಿನಲ್ಲಿ ಮಗುವಿಗೆ ಬೈಯುವುದು, ಮುದ್ದು ಮಾಡುವುದು ಬೇಡ ಅಂತ ನೇರವಾಗಿ ಹೇಳುತ್ತಾರೆ. ಕೆಲವರಿಗೆ ಸಿಟ್ಟು ಬರುತ್ತದೆ. ಆದರೆ ಇದಕ್ಕೂ ಆಧಾರ ಇದೆ. ಒಂದು ಭಾಷೆಯಲ್ಲಿ ಗಟ್ಟಿಯಾದ ಓದು, ಬರಹ, ಯೋಚನೆಯ ಶಕ್ತಿ ಇನ್ನೊಂದು ಭಾಷೆಗೂ ದಾಟುತ್ತದೆ ಅಂತ ಕೆನಡಾದ ಜಿಮ್ ಕಮಿನ್ಸ್ 1979ರಿಂದಲೇ ಹೇಳುತ್ತಾ ಬಂದಿದ್ದಾರೆ. ಕನ್ನಡದಲ್ಲಿ ಒಂದು ಕತೆಯ ತಲೆ ಬುಡ ಹಿಡಿಯಲು ಕಲಿತ ಮಗು ಇಂಗ್ಲಿಷ್ ಕತೆಯಲ್ಲೂ ಅದನ್ನೇ ಹುಡುಕುತ್ತದೆ.

ನನ್ನ ಮಟ್ಟಿಗೆ ಐದಕ್ಕೆ ನಾಲ್ಕು ನಕ್ಷತ್ರ. ಒಂದು ನಕ್ಷತ್ರ ಹಿಡಿದಿಟ್ಟಿರುವುದು ಆ ಕೇಳಿಸುವ ಅಭ್ಯಾಸದ ಕೊರತೆಗೆ. ಫೀಸು ತಿಂಗಳಿಗೆ 800 ರೂಪಾಯಿ. ಒಂದೇ ಮನೆಯಿಂದ ಇಬ್ಬರು ಬಂದರೆ ಎರಡನೆಯವರಿಗೆ ಅರ್ಧ. ಇಂಗ್ಲಿಷ್ ಸೋಮವಾರ, ಬುಧವಾರ, ಶುಕ್ರವಾರ ಸಂಜೆ 6ರಿಂದ 7.30. ಹಿಂದಿ ಮಂಗಳವಾರ ಮತ್ತು ಗುರುವಾರ, ಅದೇ ಹೊತ್ತಿಗೆ. ಭಾನುವಾರ ಬೆಳಗ್ಗೆ ಉರ್ದು ಲಿಪಿ, ಅದಕ್ಕೆ ಫೀಸಿಲ್ಲ, ಹಳೆಯ ದಾಖಲೆ ಓದಲು ಆಸಕ್ತಿ ಇದ್ದವರು ಬರಬಹುದು. ನನ್ನಂಥ ಟೈಪಿಂಗ್ ಅಂಗಡಿಯವರು, ವಕೀಲರ ಗುಮಾಸ್ತರು, ಶಾಲೆಯ ಟೀಚರುಗಳು ಖಂಡಿತ ಸೇರಬೇಕು. ಇನ್ನೂರು ಪುಟದ ಒಂದು ನೋಟ್‌ಬುಕ್ ತಗೊಂಡು ಹೋಗಿ. ಜತೆಗೆ ನೀವೇ ಕನ್ನಡದಲ್ಲಿ ಬರೆದ ಒಂದು ಪುಟ ಇರಲಿ, ಪತ್ರವಾಗಲಿ, ಅರ್ಜಿಯಾಗಲಿ. ಮೊದಲ ದಿನ ಮಾಸ್ತರರು ಅದನ್ನೇ ಕೇಳುತ್ತಾರೆ.